ಮುಳ್ಳು ನಿಲ್ಲುವ ಹೊತ್ತು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ
ತಕ್ಕಡಿ ರಿಪೇರಿ ಅಂಗಡಿ.
ಅಪ್ಪನದಾಗಿತ್ತು, ಈಗ ನನ್ನದು.
ತುಕ್ಕು ಹಿಡಿದ ಬಟ್ಟು, ಬಾಗಿದ ದಂಡಿಗೆ,
ಸರಪಳಿ ಹರಿದ ತಟ್ಟೆ,
ಶುಂಠಿ ಮಂಡಿಯವರ ದೊಡ್ಡ ಕಾಟಾ
ಎಲ್ಲ ಒಳಗೇ ಇವೆ, ಕತ್ತಲಲ್ಲಿ.
ಶಟರ್ ಎತ್ತಿ ಒಂಬತ್ತು ದಿನವಾಯಿತು.

ಅಪ್ಪ ಕಲಿಸಿದ್ದು ಇಷ್ಟೇ:
ತೂಕ ನೋಡುವಾಗ ಕೈ ತೆಗಿ, ಮಗಾ.
ಮುಳ್ಳು ನಡುಗ್ತದೆ. ನಡುಗಲಿ.
ಬೆರಳು ಕೊಟ್ಟು ನಿಲ್ಲಿಸಿದೆಯೋ
ಅದು ನಿನ್ನ ಬೆರಳಿನ ತೂಕ, ಮಾಲಿನದಲ್ಲ.

ಮಗ ಕಂಬದಿಂದ ಬಿದ್ದ, ದುದ್ದದ ಹತ್ತಿರ.
ಗುತ್ತಿಗೆ ಲೈನ್‌ಮನ್, ಸೇರಿ ಆರು ತಿಂಗಳು.
ಅವತ್ತು ಮಳೆಯಿಲ್ಲ, ಗಾಳಿಯಿಲ್ಲ.
ಆಫ್ ಆಗಿದೆ ಎಂದ ತಂತಿ ಆಫ್ ಆಗಿರಲಿಲ್ಲ, ಅಷ್ಟೆ.
ಮರುಳಸಿದ್ಧ ಎಂದು ಅಜ್ಜನ ಹೆಸರಿಟ್ಟಿದ್ದೆ.
ಈ ಬಾಗಿಲಾಚೆ ಅವನು ಏಳನೇ ಬೆಡ್ಡು.

ಕಾಯಬೇಕಮ್ಮ, ಎಂದರು ಡಾಕ್ಟರು.
ಕಾದೆ.
ಒಲೆಯ ಮೇಲಿನ ಬರಿ ಹೆಂಚು ಕಾಯುವ ಹಾಗೆ ಕಾದೆ,
ಯಾರು ನೀರು ಚಿಮುಕಿಸಿದರೂ ಚುರ್ರೆಂದೆ.
ಆ ಬೆಟ್ಟಕ್ಕೆ ಮುಡಿ, ಈ ಮಠಕ್ಕೆ ಮೂಟೆ ಅಕ್ಕಿ,
ಇವನನ್ನು ಬಿಡು, ನನ್ನನ್ನು ತಗೋ,
ತೂಕಕ್ಕೆ ತೂಕ ಸರಿಹೋಗುತ್ತೆ ನೋಡು,
ಸಂತೆಯ ಕೊನೆ ಗಳಿಗೆಯ ಗಿರಾಕಿಯಂತೆ ಚೌಕಾಸಿ.
ನೀನು ಮಾತಾಡಲಿಲ್ಲ.
ಸಿಟ್ಟಿಗೆ ಒಂಬತ್ತು ದಿನ ಕರಡಿಗೆ ಬಿಚ್ಚಲಿಲ್ಲ ನಾನು.
ಕೊರಳಲ್ಲೇ ಇದ್ದೆ, ನೋಡದೆ ಇದ್ದೆ ನಿನ್ನ.

ಪಕ್ಕದ ಬೆಂಚಿನಲ್ಲಿ ಪೆನ್ಷನ್ ಮೊಹಲ್ಲಾದ ಮೆಹರಾಜ್ ಬೀ.
ಗಂಡನಿಗೆ ಕಿಡ್ನಿ. ಬನ್ನು ಮುರಿದು ಅರ್ಧ ನನಗೆ ಕೊಟ್ಟು
ಮಲಗು ಅಕ್ಕಾ, ಎಂದಳು ನಿನ್ನೆ ರಾತ್ರಿ,
ಬೆಳಗು ಮಾಡೋರು ನಾವಾ?
ಹೇಳಿದವಳೇ ಸೆರಗು ಹೊದ್ದು ಗೊರಕೆ ಹೊಡೆದಳು.
ಆ ಗೊರಕೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ನಾಲ್ಕು ಗಂಟೆಗೆ ಕಾರಿಡಾರಿನ ಕೊನೆಯ ನಲ್ಲಿಯಲ್ಲಿ
ಮುಖಕ್ಕೆ, ಕೈಗೆ ತಣ್ಣೀರು.
ಕಿಟಕಿಯಾಚೆ ಆಂಬುಲೆನ್ಸಿನ ಡ್ರೈವರು ಬೀಡಿ ಹಚ್ಚಿದ.
ಬೆಂಚಿನ ತುದಿಗೆ ಕೂತು ಕರಡಿಗೆ ಬಿಚ್ಚಿದೆ.
ವಿಭೂತಿ ಇಲ್ಲ, ಪತ್ರೆ ಇಲ್ಲ,
ಫಿನಾಯಿಲ್ ವಾಸನೆಯೇ ಧೂಪ.

ಎಡಗೈ ಅಂಗೈಯಲ್ಲಿ ನೀನು.
ಬಲಗೈಯಲ್ಲಿ ಮುದುರಿದ ಚೀಟಿಗಳು:
ರಕ್ತದ್ದು, ಸ್ಕ್ಯಾನಿನದು, ನಾಳೆಯ ಇಂಜೆಕ್ಷನ್ನಿನದು.
ಕೆಲಸದ ಚಾಳಿ, ಎರಡರ ನಡುವೆ
ಮುಳ್ಳು ಹುಡುಕಿತು ಕಣ್ಣು.
ನಗು ಬಂತು, ಎಷ್ಟು ದಿನದ ಮೇಲೋ.
ಚೀಟಿಗಳನ್ನು ಮಡಿಲಿಗೆ ಬಿಟ್ಟೆ.

ನಿನ್ನ ಕರಿ ಕಂತಿಯ ಮೇಲೆ
ಟ್ಯೂಬ್‌ಲೈಟಿನ ಬಿಳಿ ಗೆರೆಯೊಂದು, ಕೂದಲೆಳೆಯಷ್ಟು,
ನಡುಗುತ್ತಿತ್ತು.
ಅಂಗೈ ಬಿಗಿದೆ. ಇನ್ನೂ ನಡುಗಿತು.
ಆಗ ಅಪ್ಪನ ದನಿ, ಬೆಲ್ಲದ ವಾಸನೆ ಬೆರೆತು:
ಕೈ ತೆಗಿ, ಮಗಾ.

ಕೈ ತೆಗೆಯುವುದು ಹೇಗೆ, ಕೈಯಲ್ಲೇ ನೀನಿರುವಾಗ?
ಬಿಗಿತ ತೆಗೆದೆ.
ಲೆಕ್ಕ ತೆಗೆದೆ.
ಹೀಗೇ ಆಗಬೇಕೆಂಬ ಬೆರಳೊಂದಿತ್ತು ಒಳಗೆ,
ಅದನ್ನೂ, ಬಹಳ ಹೊತ್ತಾದ ಮೇಲೆ.

ಯಾವಾಗಲೋ ಗೆರೆ ನಿಂತಿತ್ತು.
ನಾನು ನಿಲ್ಲಿಸಿದ್ದಲ್ಲ.

ಏನೂ ಬದಲಾಗಲಿಲ್ಲ, ಸುಳ್ಳು ಹೇಳಬಾರದು.
ಒಳಗೆ ಯಂತ್ರ ಅದೇ ಟಿಕ್ಕು ಟಿಕ್ಕು.
ಆದರೆ ಹೆಂಚು ಆರಿತ್ತು. ಹೊಸಿಲಲ್ಲಿ ಕೂತಂತೆ ಕೂತಿದ್ದೆ:
ಈಚೆ ನಾನು ಕಾಯುತ್ತೇನೆ,
ಆಚೆ ನೀನು ಕಾಯಿ.
ಇಬ್ಬರ ಕೆಲಸಕ್ಕೂ ಒಂದೇ ಮಾತಿಟ್ಟವರು
ಯಾರೋ ನನ್ನಂತೆ ಬಾಗಿಲ ಹೊರಗೆ ಕೂತವರೇ ಇರಬೇಕು.

ಏಳನೇ ಬೆಡ್ಡಿನೋರು ಯಾರು?
ನರ್ಸು ಬಾಗಿಲು ತೆರೆದು ಕೂಗಿದಳು.
ಎದ್ದೆ. ಎದೆ ಧಸಕ್ಕೆಂದಿತು.
ನಾನು, ಎಂದೆ.
ಒಂದು ಕಟ್ಟು ಹತ್ತಿ ತನ್ನಿ, ಎಂದಳು.

ಕರಡಿಗೆ ಕಟ್ಟಿಕೊಂಡು ಮೆಟ್ಟಿಲಿಳಿಯುತ್ತಿದ್ದೇನೆ.
ಕಾಲು ನಡುಗುತ್ತಿದೆ.
ನಡುಗಲಿ.